ಜಗಳಕ್ಕೆ ಕರೆದವರಿಗೆ ವಂದನೆ

ಇಟಲಿಯ ಬಗ್ಗೆ ಬರೆಯುವ ಪರದೇಶಿಗಳಿಗೆ ಇಟಲಿಯಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. 1786ರಲ್ಲಿ ಜರ್ಮನ್ ಕವಿ ಗಯಟೆ ಸ್ನೇಹಿತರಿಗೂ ಹೇಳದೆ ಕಾರ್ಲ್ಸ್‌ಬಾಡ್‌ನಿಂದ ಗಾಡಿ ಹತ್ತಿ ಆಲ್ಪ್ಸ್ ದಾಟಿ ಬಂದ. ಅವನ ಹಿಂದೆ ಇಂಗ್ಲಿಷರು, ಫ್ರೆಂಚರು, ಅಮೆರಿಕನ್ನರು ನೋಟುಪುಸ್ತಕ ಹಿಡಿದುಕೊಂಡು ಬಂದರು. ಈಗಂತೂ ತೊಸ್ಕಾನಾದ ಗುಡ್ಡದ ಮೇಲೊಂದು ಕಲ್ಲಿನ ಮನೆ ಕೊಂಡು, ಅದರ ಸೋರುವ ಮಾಡು, ತೋಟದ ಆಲಿವ್, ಹೇಳಿದ ದಿನ ಬಾರದ ಮೇಸ್ತ್ರಿ ಇವುಗಳ ಬಗ್ಗೆ ಬರೆಯುವವರದ್ದೇ ಒಂದು ಪಂಗಡವಿದೆ. ಯಾತ್ರಾಸ್ಥಳದ ಊರಿನವರು ಯಾತ್ರಿಕರನ್ನು ನೋಡುವ ಹಾಗೆ ಇಟಾಲಿಯನ್ನರು ಇವರನ್ನು ನೋಡುತ್ತಾರೆ: ಗೌರವವಿದೆ, ವ್ಯಾಪಾರವಿದೆ, ಕುತೂಹಲ ಮಾತ್ರ ಇಲ್ಲ.

ನಾನಿರುವುದು ಇವರಾರೂ ಬಾರದ ಕಡೆ. ಪೋ ನದಿಯ ದಕ್ಷಿಣ ದಂಡೆ, ರೆಜ್ಜೊ ಎಮಿಲಿಯಾ ಜಿಲ್ಲೆಯ ತಗ್ಗಿನ ಬಯಲು. ಇಲ್ಲಿ ಗುಡ್ಡವಿಲ್ಲ, ಆಲಿವ್ ಇಲ್ಲ, ಸಮುದ್ರವಿಲ್ಲ. ನದಿಯ ಪ್ರವಾಹ ತಡೆಯಲು ಕಟ್ಟಿದ ಎತ್ತರದ ಮಣ್ಣಿನ ಒಡ್ಡು, ಸಾಲು ಹಿಡಿದು ನೆಟ್ಟ ಪಾಪ್ಲರ್ ಮರಗಳು, ದನದ ಕೊಟ್ಟಿಗೆಗಳು, ಕೃಷಿಯಂತ್ರದ ಕಾರ್ಖಾನೆಗಳು. ನವೆಂಬರ್ ಬಂತೆಂದರೆ ಎದುರುಮನೆಯೂ ಕಾಣದಷ್ಟು ಮಂಜು. ಅಂಥದ್ದೊಂದು ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ಕೆಲಸ ಸಿಕ್ಕಿದ್ದರಿಂದ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಾನು ಇಲ್ಲಿಗೆ ಬಂದೆ. ಬಂದಮೇಲೆ ಸುಮ್ಮನಿರಲಾಗದೆ ಬರೆಯತೊಡಗಿದೆ. ಬರೆದದ್ದು ಕನ್ನಡದಲ್ಲಿ. ಅವುಗಳಲ್ಲಿ ಕೆಲವನ್ನು ನಾನೇ ಇಟಾಲಿಯನ್‌ಗೆ ತಂದೆ, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ತಿದ್ದಿದರು, ಊರಿನ ಗ್ರಂಥಾಲಯದಲ್ಲಿ ಚಳಿಗಾಲದ ಸಂಜೆಗಳಲ್ಲಿ ಓದಿದೆ. ಕೇಳಲು ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಅವರಲ್ಲಿಯೂ ಅರ್ಧದಷ್ಟು ಜನ ಗ್ರಂಥಾಲಯದ ಹೀಟರಿಗಾಗಿ ಬರುತ್ತಾರೆಂದು ನನ್ನ ಗಂಡನ ಅನುಮಾನ.

ಕಳೆದ ಚಳಿಗಾಲದಲ್ಲಿ ಊರಿನ ಪ್ರೊ ಲೋಕೊದವರು ನನಗೊಂದು ಸನ್ಮಾನ ಮಾಡಿದರು. ಪ್ರೊ ಲೋಕೊ ಎಂದರೆ ಇಟಲಿಯ ಬಹುತೇಕ ಊರುಗಳಲ್ಲಿ ಇರುವ ಸ್ವಯಂಸೇವಕರ ಸಂಘ. ಜಾತ್ರೆ ನಡೆಸುವವರು, ದೊಡ್ಡ ಕಡಾಯಿಯಲ್ಲಿ ಅಡುಗೆ ಮಾಡುವವರು, ಕುರ್ಚಿ ಹಾಕಿ ಕುರ್ಚಿ ತೆಗೆಯುವವರು ಎಲ್ಲ ಅವರೇ. ಮೇಯರಮ್ಮ ಹೆಗಲಿನಿಂದ ಸೊಂಟಕ್ಕೆ ತ್ರಿವರ್ಣದ ಪಟ್ಟಿ ಧರಿಸಿ ಬಂದರು. ಚರ್ಮಪತ್ರದಂತೆ ಕಾಣುವ ಕಾಗದದ ಮೇಲೆ ನನ್ನ ಹೆಸರು ಬರೆದಿತ್ತು, ಒಂದು ಅಕ್ಷರ ಹೆಚ್ಚಾಗಿ. ಜೊತೆಗೆ ಪಾರ್ಮಿಜಾನೊ ಗಿಣ್ಣಿನ, ಅಂದರೆ ಇಲ್ಲಿನ ಗಟ್ಟಿ ಚೀಸಿನ, ಭಾರವಾದ ಒಂದು ತುಂಡು. ರಾತ್ರಿ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಸನ್ಮಾನ ಸರಿ, ಊಟಕ್ಕೆ ಏನು ಹಾಕಿದರು? ನೀನು ತಿನ್ನುವಂಥದ್ದು ಏನಾದರೂ ಇತ್ತಾ?"

ಅಮ್ಮ ಸರಿಯಾದ ಜಾಗಕ್ಕೇ ಕೈ ಹಾಕಿದ್ದಳು. ಈ ಸೀಮೆಯ ಸಂಸ್ಕೃತಿ ಎಂದರೆ ಮೊದಲಿಗೆ ಊಟ, ಆಮೇಲೆ ಉಳಿದದ್ದು. ನಾನೋ ಮಾಂಸ ಮುಟ್ಟದವಳು. ಪಾರ್ಮಿಜಾನೊ ಕೂಡ ತಿನ್ನುವುದಿಲ್ಲ. ಅದಕ್ಕೆ ಹಾಕುವ ಹೆಪ್ಪು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಮೊಸರಿನ ಹೆಪ್ಪಿನ ಹಾಗಲ್ಲ, ನಿಯಮವೇ ಹಾಗಿದೆ, ಬೇರೆ ಹೆಪ್ಪು ಹಾಕಿದರೆ ಅದಕ್ಕೆ ಆ ಹೆಸರು ಸಲ್ಲುವುದಿಲ್ಲ. ನನ್ನ ಗಂಡ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ತುರಿಮಣೆಗಳಿವೆ. ಹೀಗಿದ್ದೂ ನಾನು ಹೆಚ್ಚಾಗಿ ಬರೆದದ್ದು ಇಲ್ಲಿನ ಅಡುಗೆಮನೆಗಳ ಬಗ್ಗೆ, ಗಿಣ್ಣು ಮಾಡುವ ಕೊಟ್ಟಿಗೆಗಳ ಬಗ್ಗೆ. ಗಿಣ್ಣಿನ ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ಹಿಂದಿನ ಸಂಜೆ ಕರೆದ ಹಾಲನ್ನು ರಾತ್ರಿಯಿಡೀ ಅಗಲ ತೊಟ್ಟಿಯಲ್ಲಿ ಬಿಟ್ಟು, ಮೇಲೆ ನಿಂತ ಕೆನೆ ತೆಗೆದು, ಬೆಳಗಿನ ಹಾಲಿನೊಡನೆ ತಾಮ್ರದ ಹಂಡೆಗೆ ಸುರಿಯುತ್ತಾರೆ. ಗಂಟೆಯನ್ನು ತಲೆಕೆಳಗು ಮಾಡಿದ ಆಕಾರದ ಹಂಡೆ. ಹೆಪ್ಪುಗಟ್ಟಿದ್ದನ್ನು ಗೋಧಿಕಾಳಿನಷ್ಟು ಸಣ್ಣಗೆ ಒಡೆದು, ಸುಮಾರು 55 ಡಿಗ್ರಿಗೆ ಕಾಯಿಸಿ, ತಳಕ್ಕೆ ಕೂತ ಗಟ್ಟಿಯನ್ನು ಇಬ್ಬರು ನಾರುಬಟ್ಟೆಯಲ್ಲಿ ಎತ್ತಿ ಎರಡು ಪಾಲು ಮಾಡುತ್ತಾರೆ. ಆಮೇಲೆ ಅಚ್ಚು, ಉಪ್ಪುನೀರು, ಕನಿಷ್ಠ ಹನ್ನೆರಡು ತಿಂಗಳ ಕಪಾಟುವಾಸ. ಕೊನೆಗೆ ಒಬ್ಬ ಪರೀಕ್ಷಕ ಸಣ್ಣ ಸುತ್ತಿಗೆ ಹಿಡಿದು ಬಂದು ಪ್ರತಿ ಚಕ್ರವನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಾನೆ. ನಾಲಿಗೆಯ ಕೆಲಸವನ್ನು ಕಿವಿ ಮಾಡುವುದನ್ನು ನೋಡಿದಮೇಲೆ, ತಿನ್ನದವಳಿಗೂ ಇಲ್ಲಿ ಬರೆಯಲು ಜಾಗವಿದೆ ಎನ್ನಿಸಿತ್ತು.

ಇದನ್ನು ಸಭೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಚಪ್ಪಾಳೆ ಮುಗಿದು, ಪ್ಲಾಸ್ಟಿಕ್ ಲೋಟಗಳಲ್ಲಿ ಈ ಸೀಮೆಯ ಕೆಂಪು ವೈನ್ ಲಾಂಬ್ರೂಸ್ಕೊ ಹಂಚುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಊರಿನ ನಿವೃತ್ತ ಕಟುಕ. ಎಪ್ಪತ್ತು ದಾಟಿದ ಆಜಾನುಬಾಹು, ಭಾನುವಾರದ ಕೋಟು ತೊಟ್ಟಿದ್ದರು. "ಸಿನ್ಯೋರಾ, ನೀವು ಚೆನ್ನಾಗಿ ಬರೆಯುತ್ತೀರಿ. ಆದರೆ ಕಪ್ಪೆಲ್ಲೆತ್ತಿಯ ಸಾರಿನ ಬಗ್ಗೆ ನೀವು ಓದಿದ್ದು ಕೇಳಿ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಒಂದು ಚಮಚವೂ ಕುಡಿಯದವರು ಆ ಸಾರಿನ ಬಗ್ಗೆ ಈ ಊರಿಗೆ ಹೇಗೆ ಹೇಳುತ್ತೀರಿ?"

ಕಪ್ಪೆಲ್ಲೆತ್ತಿ ಎಂದರೆ ಹೂರಣ ತುಂಬಿ, ಮಾಂಸದ ಸಾರಿನಲ್ಲಿ ಬಡಿಸುವ ಹಿಟ್ಟಿನ ಪುಟ್ಟ ಕಡುಬು. ಸಭೆಯಲ್ಲಿ ಒಂದು ಕ್ಷಣ ಮೌನ. ಮೇಯರಮ್ಮನ ಮುಖ ಸಣ್ಣದಾಯಿತು. ನಾನು ಉತ್ತರಿಸುವ ಮೊದಲೇ, ನಮ್ಮ ಕೆಳಮನೆಯ ಅಜ್ಜಿ ಎದ್ದು ನಿಂತರು. ನಾನು ಬರೆದದ್ದು ಅವರ ಸಾರಿನ ಬಗ್ಗೆ. "ಅವಳು ಬರೆದಿರುವುದು ನನ್ನ ಹಂಡೆಯಲ್ಲಿ ನೋಡಿದ್ದನ್ನು. ತಕರಾರಿದ್ದರೆ ನನ್ನ ಹತ್ತಿರ ಮಾತಾಡಿ." ಆಮೇಲೆ ಯಾರಿಗೂ ನನ್ನ ನೆನಪಿರಲಿಲ್ಲ. ಹುಂಜದ ಜೊತೆ ದನದ ಮಾಂಸ ಎಷ್ಟು, ಹೂರಣಕ್ಕೆ ಬೇಯಿಸಿದ ಮಾಂಸ ಸೇರಬೇಕೋ ಬರೀ ಅದರ ರಸವೋ, ಪಾರ್ಮಾದವರು ಮಾಡುವ ಹಾಗೆ ರಸ, ಬ್ರೆಡ್ಡಿನ ಪುಡಿ, ಗಿಣ್ಣು ಮಾತ್ರ ತುಂಬಿದರೆ ಅದನ್ನು ತಿಂಡಿ ಎನ್ನಬೇಕೋ ರೋಗಿಯ ಪಥ್ಯ ಎನ್ನಬೇಕೋ! ಮಾತು ಕುಂಬಳಕಾಯಿಯ ತೊರ್ತೆಲ್ಲಿಗೆ ಹೊರಳಿದಾಗಂತೂ ಸಭೆ ಎರಡು ಪಕ್ಷವಾಯಿತು.

ಈ ತೊರ್ತೆಲ್ಲಿಯ ವಿಷಯ ಸ್ವಲ್ಪ ಹೇಳಲೇಬೇಕು. ಹಿಟ್ಟಿನ ತೆಳು ಹಾಳೆಯ ಒಳಗೆ ಬೇಯಿಸಿ ಅರೆದ ಸಿಹಿಗುಂಬಳ, ನಮ್ಮ ಕಡೆಯ ಚೀನಿಕಾಯಿಯೇ ಎಂದುಕೊಳ್ಳಿ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಮಾಂಸ ತಿನ್ನದ ಸಂಪ್ರದಾಯವಿರುವುದರಿಂದ ಅಂದು ಇದೇ ಮುಖ್ಯ. ನದಿಯ ಆಚೆ ಮಾಂತೊವಾದವರು ಇದಕ್ಕೆ ಕಹಿಬಾದಾಮಿಯ ಅಮರೆತ್ತಿ ಬಿಸ್ಕತ್ತಿನ ಪುಡಿ, ಸಾಸಿವೆಯ ಘಾಟಿರುವ ಹಣ್ಣಿನ ಮೊಸ್ತಾರ್ದಾ ಹಾಕುತ್ತಾರೆ, ಮೇಲೆ ಬೆಣ್ಣೆ. ದಕ್ಷಿಣಕ್ಕೆ ರೆಜ್ಜೊ ಪೇಟೆಯ ಕಡೆ ಹೋದ ಹಾಗೆ ಸಿಹಿ ಕಡಿಮೆಯಾಗಿ ಮೇಲೆ ಟೊಮೆಟೊ ಒಗ್ಗರಣೆ ಬರುತ್ತದೆ. ನಾವಿರುವುದು ನಡುವಿನಲ್ಲಿ. ಮಾಂತೊವಾ ಆಳುತ್ತಿದ್ದ ಗೊಂಜಾಗಾ ಮನೆತನದ ಫೆರ್ರಾಂತೆ 1539ರಲ್ಲಿ ಪಕ್ಕದ ಗ್ವಾಸ್ತಾಲ್ಲಾವನ್ನು ದುಡ್ಡು ಕೊಟ್ಟು ಕೊಂಡ. ಅವನ ಕಂಚಿನ ಪ್ರತಿಮೆ ಈಗಲೂ ಅಲ್ಲಿನ ಚೌಕದಲ್ಲಿ ನಿಂತಿದೆ. ಗೊಂಜಾಗಾಗಳು ಹೋದರು, ಮೊಸ್ತಾರ್ದಾ ಉಳಿಯಿತು. ಒಂದೇ ಬೀದಿಯ ಒಂದು ಮನೆಯಲ್ಲಿ ಹಾಕುತ್ತಾರೆ, ಇನ್ನೊಂದರಲ್ಲಿ ಹಾಕುವುದಿಲ್ಲ, ಹಾಕದವರು ಹಾಕುವವರನ್ನು ನೋಡುವ ನೋಟದಲ್ಲಿ ಹದಿನಾರನೆಯ ಶತಮಾನದ ರಾಜಕೀಯ ಇನ್ನೂ ಆರಿಲ್ಲ.

ಆ ರಾತ್ರಿ ನಾನು ನಿಜವಾಗಿ ಖುಷಿಪಟ್ಟದ್ದು ಈ ಗದ್ದಲಕ್ಕೆ. ಇಷ್ಟು ವರ್ಷ ಇಲ್ಲಿ ನಾನು ಪಡೆದದ್ದು ಮೆಚ್ಚುಗೆ. "ಭಾರತದಿಂದ ಬಂದವರು ನಮ್ಮ ಬಗ್ಗೆ ಎಷ್ಟು ಪ್ರೀತಿಯಿಂದ ಬರೆಯುತ್ತಾರೆ" ಎಂಬ ಮೆಚ್ಚುಗೆ. ಅದಕ್ಕೆ ಕೃತಜ್ಞತೆ ಇಲ್ಲವೆಂದಲ್ಲ. ಆದರೆ ಅತಿಥಿಯನ್ನು ಯಾರೂ ತಿದ್ದುವುದಿಲ್ಲ. ಕನ್ನಡದ ಓದುಗರದ್ದೂ ಬೇರೆ ಬಗೆಯಲ್ಲಿ ಅದೇ ಕಥೆ. ಲಾಂಬ್ರೂಸ್ಕೊ ಬಣ್ಣ ನೀಲಿ ಎಂದು ಬರೆದರೂ ಸಾಗರದಲ್ಲಿ ನನ್ನನ್ನು ಕೇಳುವವರಿಲ್ಲ. ಬರೆದವರಿಗೆ ಅದು ಬಹಳ ಸುಖದ, ಬಹಳ ಅಪಾಯದ ಜಾಗ. ಕಟುಕ ಮಹಾಶಯರು ಕೈ ಎತ್ತಿದಾಗ ಮೊದಲ ಬಾರಿಗೆ ನನ್ನ ಮಾತು ಈ ಊರಿನೊಳಗಿನ ಮಾತಾಯಿತು. ಇಲ್ಲಿ ಪಕ್ಕದ ಊರಿನವರ ಸಾರಿಗೆ ಬೈಯುವುದು ಪೌರತ್ವದ ಭಾಗ. ಬೈಸಿಕೊಳ್ಳುವುದೂ ಹಾಗೆಯೇ.

ಹೊರಗಿನವರು ಬಂದು ಈ ಬಯಲನ್ನು ನೋಡಿ ದಾಖಲಿಸಿದ್ದು ಇದೇ ಮೊದಲೇನಲ್ಲ. ಪಕ್ಕದ ಲುಜ್ಜಾರಾ ಊರಿಗೆ 1953ರಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಅಮೆರಿಕನ್ ಛಾಯಾಗ್ರಾಹಕ ಬಂದ. ಕರೆತಂದವರು ಅದೇ ಊರಿನಲ್ಲಿ 1902ರಲ್ಲಿ ಹುಟ್ಟಿದ ಚೆಸರೆ ಜಾವತ್ತೀನಿ, 'ಬೈಸಿಕಲ್ ಥೀವ್ಸ್' ಚಿತ್ರಕಥೆ ಬರೆದವರಲ್ಲಿ ಮುಖ್ಯರು. ಸ್ಟ್ರ್ಯಾಂಡ್‌ಗೆ ಭಾಷೆ ಬಾರದು. ದೊಡ್ಡ ಕ್ಯಾಮೆರಾ ನಿಲ್ಲಿಸಿಕೊಂಡು ರೈತರನ್ನು, ಟೋಪಿ ಹೆಣೆಯುವವರನ್ನು, ಬಾಗಿಲಲ್ಲಿ ನಿಂತ ತಾಯಿಯನ್ನು, ಅವಳ ಸುತ್ತ ಅಲ್ಲಲ್ಲಿ ಕೂತು ನಿಂತ ಗಂಡುಮಕ್ಕಳನ್ನು ತೆಗೆದ. ಆ ಮನೆಯವರ ಚಿತ್ರ ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿದೆ. 1955ರಲ್ಲಿ ತೂರಿನೊದಿಂದ ಪುಸ್ತಕ ಬಂದಾಗ, ಜಾವತ್ತೀನಿ ಚಿತ್ರಗಳ ಪಕ್ಕದಲ್ಲಿ ತನ್ನ ವಿವರಣೆ ಬರೆದು ಸುಮ್ಮನಾಗಲಿಲ್ಲ, ಚಿತ್ರದಲ್ಲಿರುವವರೇ ಹೇಳಿಕೊಂಡ ಮಾತುಗಳನ್ನು ಹಾಕಿದರು. ನನಗೆ ಅದು ದೊಡ್ಡ ಪಾಠ. ನೋಡಿಸಿಕೊಂಡವರಿಗೂ ಪುಟದಲ್ಲಿ ಜಾಗ ಕೊಡುವುದು, ಅವರು ಹೇಳಿದ್ದು ನಮ್ಮ ಚಿತ್ರಕ್ಕೆ ಹೊಂದದಿದ್ದರೂ ಕೊಡುವುದು.

ಇನ್ನೊಂದು ಬದಿಯಲ್ಲಿ ಗ್ವಾಲ್ತಿಯೆರಿ ಇದೆ. ಮನ್ನಣೆ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಊರು ಕಸಿವಿಸಿ ಉಂಟುಮಾಡುತ್ತದೆ. ಜ್ಯೂರಿಕ್‌ನಲ್ಲಿ 1899ರಲ್ಲಿ ಹುಟ್ಟಿದ ಅಂತೋನಿಯೊ ಲಿಗಬೂಎಯನ್ನು ಸ್ವಿಸ್ ಸರ್ಕಾರ 1919ರಲ್ಲಿ ಗಡೀಪಾರು ಮಾಡಿ, ಕಾಗದಪತ್ರದಲ್ಲಿ ತಂದೆ ಎನಿಸಿಕೊಂಡವನ ಊರಾದ ಗ್ವಾಲ್ತಿಯೆರಿಗೆ ಕಳಿಸಿತು. ಅವನಿಗೆ ಬರುತ್ತಿದ್ದುದು ಜರ್ಮನ್. ಊರಿನವರು ಅವನನ್ನು ಜರ್ಮನ್ನನೆಂದೇ ಕರೆದು ಗೇಲಿ ಮಾಡಿದರು. ಪೋ ದಂಡೆಯ ಕಾಡಿನ ಗುಡಿಸಲುಗಳಲ್ಲಿ ಬದುಕುತ್ತ, ಈ ಮಂಜಿನ ನಾಡಿನಲ್ಲಿ ಹುಲಿ, ಸಿಂಹಗಳ ಚಿತ್ರ ಬರೆದು, ಊಟಕ್ಕೆ ಬದಲಾಗಿ ಕೊಡುತ್ತಿದ್ದ. 1961ರಲ್ಲಿ ರೋಮ್‌ನಲ್ಲಿ ಪ್ರದರ್ಶನವಾದ ಮೇಲೆ ಹೆಸರು ಬಂತು, 1965ರಲ್ಲಿ ತೀರಿಕೊಂಡ. ಈಗ ಊರಿನ ಅರಮನೆಯಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ನನ್ನ ಕೈಗೆ ಕಾಗದ ಕೊಟ್ಟ ಊರುಗಳ ಸೀಮೆಯೇ ಅದು. ಭಾಷೆ ಬಾರದ ಪರದೇಶಿಗೆ ಇಲ್ಲಿ ಯಾವಾಗಲೂ ಲಾಂಬ್ರೂಸ್ಕೊ ಸಿಗುತ್ತಿತ್ತು ಎಂದು ನಾನು ಬರೆದರೆ ಅದು ಕೃತಜ್ಞತೆಯಲ್ಲ, ಮುಖಸ್ತುತಿ. ನನಗೆ ಸಿಕ್ಕಿದ್ದಕ್ಕೆ ನಾನು ತಿದ್ದಿಸಿಕೊಂಡ ಇಟಾಲಿಯನ್ ಎಷ್ಟು ಕಾರಣವೋ, ನನ್ನ ಗಂಡನ ಸಂಬಳದ ಚೀಟಿ ಅಷ್ಟೇ ಕಾರಣ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವಳು ಕೊಟ್ಟಿಗೆಯೊಂದರಲ್ಲಿ ಕೆಲಸ ಮಾಡುವ ಪಂಜಾಬಿ ಹೆಂಗಸು. 1980ರ ದಶಕದಿಂದೀಚೆಗೆ ಈ ಬಯಲಿನ ಹಸುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಪಂಜಾಬಿಗಳು ಬಂದರು. ಇಟಾಲಿಯನ್ ಹುಡುಗರು ನಸುಕಿಗೆ ಮುಂಚೆ ಎದ್ದು, ಕ್ರಿಸ್ಮಸ್ಸಿನ ದಿನವೂ ರಜೆಯಿಲ್ಲದೆ ಹಾಲು ಕರೆಯಲು ಒಲ್ಲೆ ಎಂದ ಕಾಲ ಅದು. ನೊವೆಲ್ಲಾರಾದಲ್ಲಿ ದೊಡ್ಡ ಗುರುದ್ವಾರವಿದೆ. 2000ದಲ್ಲಿ ಅದನ್ನು ಉದ್ಘಾಟಿಸಿದವರು ಆಗ ಯುರೋಪಿಯನ್ ಆಯೋಗದ ಅಧ್ಯಕ್ಷರಾಗಿದ್ದ ರೊಮಾನೊ ಪ್ರೋದಿ, ಅವರೂ ಈ ಜಿಲ್ಲೆಯವರೇ. ಸನ್ಮಾನದ ಸುದ್ದಿ ಕೇಳಿದ ಆ ಹೆಂಗಸು ಹಿಂದಿಯಲ್ಲಿ ಹೇಳಿದಳು: "ಅಭಿನಂದನೆ ದೀದಿ. ಆ ಗಿಣ್ಣಿನ ತುಂಡಿನಲ್ಲಿ ನಮ್ಮ ಹಾಲೂ ಇದೆಯೆಂದು ಯಾರಾದರೂ ಹೇಳಿದರಾ?" ಯಾರೂ ಹೇಳಿರಲಿಲ್ಲ. ನಾನು ಬರೆದ ಗಿಣ್ಣಿನ ಬರಹದಲ್ಲಿ ಅವಳಿದ್ದಾಳೆ, ಪ್ರಶಸ್ತಿಪತ್ರದ 'ನಮ್ಮ ಸಂಸ್ಕೃತಿ' ಎಂಬ ಸಾಲಿನಲ್ಲಿ ಇಲ್ಲ. ಮುಂದಿನ ಓದಿಗೆ ಅವಳನ್ನು ಗ್ರಂಥಾಲಯಕ್ಕೆ ಕರೆದಿದ್ದೇನೆ. ಸಂಜೆಯ ಹಾಲು ಕರೆಯುವ ಹೊತ್ತು, ಬರಲಾಗುವುದಿಲ್ಲ ಎಂದಳು. ಹೊತ್ತು ಬದಲಿಸಿ ಎಂದು ಗ್ರಂಥಪಾಲಕಿಗೆ ಹೇಳಿ ಕೂತಿದ್ದೇನೆ.

ನಮ್ಮೂರ ಕಡೆಯವರಿಗೆ ಇಲ್ಲಿ ಒಂದು ಹಳೆಯ ಲೆಕ್ಕವೂ ಇದೆ. ಇಟಾಲಿಯನ್ನರು ನಮ್ಮ ಬಗ್ಗೆ ಬರೆದದ್ದು ನಾವು ಅವರ ಬಗ್ಗೆ ಬರೆಯುವುದಕ್ಕಿಂತ ಬಹಳ ಮೊದಲು. ವೆನಿಸ್ ಸೀಮೆಯ ನಿಕೊಲೊ ಕೊಂತಿ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರ ನೋಡಿದ. ಬೊಲೊನ್ಯಾದ ಲುದೊವಿಕೊ ವರ್ತೆಮಾ ತನ್ನ ಪ್ರವಾಸಕಥೆಯನ್ನು 1510ರಲ್ಲಿ ರೋಮ್‌ನಲ್ಲಿ ಅಚ್ಚು ಹಾಕಿಸಿದ. ನನಗೆ ಹತ್ತಿರದವನು ರೋಮ್‌ನ ಪಿಯೆತ್ರೊ ದೆಲ್ಲಾ ವಾಲ್ಲೆ. ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಹೊಳೆಯಲ್ಲಿ ಸಾಗಿ, ಘಟ್ಟ ಹತ್ತಿ, 1623ರ ನವೆಂಬರ್‌ನಲ್ಲಿ ಇಕ್ಕೇರಿ ಸೇರಿದ. ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಮುಂದೆ ಕರಾವಳಿಯಲ್ಲಿ ಉಳ್ಳಾಲದ ರಾಣಿ ಬರಿಗಾಲಿನಲ್ಲಿ ನಿಂತು ಕಾಲುವೆಯ ಕೆಲಸ ನೋಡಿಕೊಳ್ಳುತ್ತಿದ್ದುದನ್ನೂ ಬರೆದ. ಎಲ್ಲವೂ ನೇಪಲ್ಸಿನ ಗೆಳೆಯನಿಗೆ ಬರೆದ ಪತ್ರಗಳು. ಇಕ್ಕೇರಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು. ಅಘೋರೇಶ್ವರನ ಗುಡಿಯ ಅಂಗಳದಲ್ಲಿ ಆಡಿದ್ದ ನಾನು, ಇಲ್ಲಿನ ಗ್ರಂಥಾಲಯದಲ್ಲಿ ಇಟಾಲಿಯನ್‌ನಲ್ಲಿ ಅದರ ಹೆಸರು ಓದಿದಾಗ ಸುತ್ತ ನೋಡಿದೆ, ಯಾರಿಗಾದರೂ ಹೇಳಬೇಕೆನ್ನಿಸಿ.

ಆ ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಅವನು ನಾಲ್ಕು ಹುಡುಗರನ್ನು ಕಂಡ. ನೆಲದ ಮೇಲೆ ಸಣ್ಣ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಒಬ್ಬ ರಾಗವಾಗಿ ಹೇಳಿದ್ದನ್ನು ಉಳಿದವರು ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಹೊಸ ಮರಳು. ಗುರು ಇರಲಿಲ್ಲ. ದೆಲ್ಲಾ ವಾಲ್ಲೆ ಕೇಳಿದ: ನಿಮ್ಮಲ್ಲಿ ಯಾರಾದರೂ ಮರೆತರೆ ತಿದ್ದುವವರು ಯಾರು? ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವೇ ಇಲ್ಲ ಎಂದರಂತೆ ಹುಡುಗರು. ರೋಮ್‌ನ ಶ್ರೀಮಂತ ಆ ಉತ್ತರವನ್ನು ಒಪ್ಪಿಕೊಂಡು, ಇದು ಸೊಗಸಾದ ಕಲಿಕೆ ಎಂದು ಬರೆದುಕೊಂಡ. ಅವನು 1652ರಲ್ಲಿ ತೀರಿಕೊಂಡ. ಭಾರತದ ಪತ್ರಗಳು ಅಚ್ಚಾದದ್ದು 1663ರಲ್ಲಿ. ಇಕ್ಕೇರಿಯವರು ಅವನಿಗೆ ಶಾಲು ಹೊದಿಸಲಿಲ್ಲ, ಅವನು ಬರೆದದ್ದು ಅವರಿಗೆ ತಿಳಿಯಲೂ ಇಲ್ಲ. ಆದರೂ ಅವನ ಭಾರತದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಜೀವಂತವಾಗಿ ಕಾಣುವುದು ಆ ಹುಡುಗರು ಎದುರುತ್ತರ ಕೊಟ್ಟ ಪುಟ. ಅವನ ಬಗ್ಗೆ ನನಗಿರುವ ಗೌರವಕ್ಕೆ ಅದೇ ಕಾರಣ. ತನ್ನ ಪ್ರಶ್ನೆಯನ್ನು ಸೋಲಿಸಿದ ಉತ್ತರವನ್ನು ಅವನು ಬಿಡದೆ ಬರೆದ.

ಹಾಗಾಗಿ ನನ್ನ ವಂದನೆಗಳು ಪ್ರಶಸ್ತಿಪತ್ರದಲ್ಲಿ ಹೆಸರಿಲ್ಲದವರಿಗೆ ಹೆಚ್ಚು ಹೋಗುತ್ತವೆ. ಪ್ರತಿ ಡಿಸೆಂಬರಿನಲ್ಲಿ ನನಗಾಗಿ ಗಿಣ್ಣಿಲ್ಲದ ತೊರ್ತೆಲ್ಲಿಯನ್ನು ಬೇರೆ ಮಾಡಿ, "ಇದು ತೊರ್ತೆಲ್ಲಿ ಅಲ್ಲ, ಏನೆಂದು ನನಗೆ ಗೊತ್ತಿಲ್ಲ, ತಿನ್ನು" ಎನ್ನುವ ಕೆಳಮನೆಯ ಅಜ್ಜಿಗೆ. ನನ್ನ ಬರಹದಲ್ಲಿ 'ಸುಂದರ' ಎಂಬ ಪದ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು, "ಸುಂದರ ಎಂದು ಪ್ರವಾಸಿಗಳು ಬರೆಯುತ್ತಾರೆ, ನೀವು ಇಲ್ಲಿ ತೆರಿಗೆ ಕಟ್ಟುತ್ತೀರಿ" ಎಂದ ಶಿಕ್ಷಕಿಗೆ. ನಸುಕಿನಲ್ಲಿ ಹಂಡೆಯ ಪಕ್ಕ ನಿಲ್ಲಲು ಬಿಟ್ಟು, ನಾನು ಗಿಣ್ಣು ತಿನ್ನುವುದಿಲ್ಲವೆಂದು ತಿಳಿದಾಗ ಹೆಂಡತಿಯನ್ನು ಕರೆದು ತೋರಿಸಿದ ಗಿಣ್ಣುಗಾರನಿಗೆ. ಪ್ರೊ ಲೋಕೊದವರಿಗೂ, ಖಂಡಿತವಾಗಿ. ಹೆಸರಿನಲ್ಲಿ ಹೆಚ್ಚಾದ ಆ ಅಕ್ಷರವನ್ನು ತೆಗೆದು ಹೊಸ ಪತ್ರ ಕೊಡುತ್ತೇವೆ ಎಂದರು, ನಾನೇ ಬೇಡವೆಂದೆ. ಇಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ.

ಕಟುಕ ಮಹಾಶಯರ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಮರುವಾರ ಸಂತೆಯಲ್ಲಿ ಸಿಕ್ಕರು. ನನ್ನ ಚೀಲದಲ್ಲಿ ಇಣುಕಿ ನೋಡಿ, ತರಕಾರಿ ಮಾತ್ರ ಇರುವುದನ್ನು ಖಚಿತ ಮಾಡಿಕೊಂಡು, ನಿಟ್ಟುಸಿರು ಬಿಟ್ಟರು. ತಿನ್ನದಿದ್ದರೂ ಪರವಾಗಿಲ್ಲ, ಶನಿವಾರ ಮನೆಗೆ ಬಂದು ಸಾರು ಹೇಗೆ ಇಡಬೇಕೆಂದು ನೋಡಿ, ಆ ಅಜ್ಜಿ ನಿಮ್ಮ ತಲೆ ಕೆಡಿಸಿದ್ದಾರೆ ಎಂದರು. ಹೋದೆ. ಅವರ ತಂದೆಯ ಕಾಲದ ಹಂಡೆ, ತಂದೆಯ ಕಾಲದ ಅಳತೆ. ಮಾಂಸ ಯಾವುದೆಷ್ಟು, ಯಾವುದು ಮೊದಲು ನೀರಿಗೆ ಬೀಳಬೇಕು, ಹೂರಣಕ್ಕೆ ಜಾಯಿಕಾಯಿ ಎಷ್ಟು ತುರಿಯಬೇಕು ಎಲ್ಲವನ್ನೂ ಹೇಳಿದರು, ಬರೆದುಕೊಳ್ಳಲು ಪೆನ್ನನ್ನೂ ಅವರೇ ಕೊಟ್ಟರು. ಒಂದೇ ಷರತ್ತು: ಇದನ್ನು ಕನ್ನಡದಲ್ಲಿ ಮಾತ್ರ ಬರೆಯಬೇಕು, ಇಟಾಲಿಯನ್‌ಗೆ ತರಕೂಡದು, ಗ್ರಂಥಾಲಯದಲ್ಲಿ ಓದಕೂಡದು, ಕೆಳಮನೆಯವರ ಕಿವಿಗಂತೂ ಬೀಳಲೇಕೂಡದು. ಮಾತು ಕೊಟ್ಟು ಬಂದಿದ್ದೇನೆ. ಸಾಗರದಲ್ಲಿ ಸಾರಿನ ಆ ಅಳತೆ ಯಾರಿಗೂ ಉಪಯೋಗವಿಲ್ಲವೆಂದು ಅವರಿಗೆ ಹೇಳಲು ಹೋಗಲಿಲ್ಲ. ಮುಂದಿನ ಬರಹದಲ್ಲಿ ಎಲ್ಲವನ್ನೂ ಗ್ರಾಂ ಸಹಿತ ಬರೆಯುತ್ತೇನೆ.